ಇವಾನನ ಮಕ್ಕಳ ಲೆಕ್ಕ

1470ರ ಆಸುಪಾಸಿನಲ್ಲಿ ಬೀದರಿಗೆ ಒಬ್ಬ ಪರದೇಶಿ ವ್ಯಾಪಾರಿ ಬಂದ. ವೋಲ್ಗಾ ದಂಡೆಯ ತ್ವೇರ್ ಎಂಬ ಊರಿನವನು. ಅವನ ಬಂಡವಾಳ ಒಂದೇ ಒಂದು ಗಂಡು ಕುದುರೆ. ಅದನ್ನೂ ಜುನ್ನರಿನ ಖಾನ ಕಿತ್ತುಕೊಂಡು, ಮತ ಬದಲಿಸಿದರೆ ಮಾತ್ರ ವಾಪಸು ಎಂದು ಹೆದರಿಸಿದ್ದ. ಹೇಗೋ ಬಿಡಿಸಿಕೊಂಡು ಬಂದು, ಬಹಮನಿ ಸುಲ್ತಾನರ ರಾಜಧಾನಿಯಲ್ಲಿ ಆ ಕುದುರೆ ಮಾರಿದ. ಈ ಕಡೆ ಅವನು ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದ. ಬೀದರಿನ ಹಿಂದೂಗಳೊಡನೆ ಸಲಿಗೆ ಬೆಳೆದ ಮೇಲೆ, ತಾನು ಕ್ರೈಸ್ತ, ತನ್ನ ನಿಜವಾದ ಹೆಸರು ಅಫನಾಸಿ ಎಂದು ಬಾಯಿಬಿಟ್ಟ.

ನಮ್ಮ ಇತಿಹಾಸ ಪುಸ್ತಕಗಳು ಅವನನ್ನು ನಿಕಿಟಿನ್ ಎನ್ನುತ್ತವೆ. ಆದರೆ ಅದು ಅವನ ಮನೆತನದ ಹೆಸರಲ್ಲ, ಅವನಿಗೆ ಅಂಥದ್ದೊಂದು ಇರಲೇ ಇಲ್ಲ. ತನ್ನ ಪ್ರವಾಸದ ಬರಹ ಶುರುಮಾಡುವಾಗ, ದೇವರ ಕರುಣೆ ಬೇಡುತ್ತ, ಅವನು ತನ್ನನ್ನು ‘ಮಿಕಿತನ ಮಗ ಅಫೊನಾಸಿ’ ಎಂದು ಹೇಳಿಕೊಳ್ಳುತ್ತಾನೆ, ಅಷ್ಟೆ. ನಿಕಿತ, ಜನರ ಬಾಯಲ್ಲಿ ಮಿಕಿತ, ಅವನ ಅಪ್ಪ. ‘ನಿಕಿತಿನ್’ ಎಂದರೆ ‘ನಿಕಿತನ’. ಅದರ ಮುಂದೆ ‘ಮಗ’ ಎಂಬ ಮಾತೊಂದು ಇತ್ತು. ಬರಬರುತ್ತ ಮಗ ಬಿದ್ದುಹೋಗಿ ಬರೀ ಪ್ರತ್ಯಯ ಉಳಿಯಿತು. ಈಗ ಜಗತ್ತೇ ಆ ಮನುಷ್ಯನನ್ನು ‘ನಿಕಿತನ, ನಿಕಿತನ’ ಎಂದು ಕರೆಯುತ್ತದೆ. ನಿಕಿತನ ಏನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸ್ಲಾವ್ ಭಾಷೆಗಳನ್ನಾಡುವ ಕೋಟಿಗಟ್ಟಲೆ ಜನರ ಅಡ್ಡಹೆಸರು ಇಂಥದ್ದೇ ಒಂದು ಅರ್ಧ ವಾಕ್ಯ. ರಷ್ಯನ್ನಿನಲ್ಲಿ ಅಪ್ಪನ ಹೆಸರು ಅಕಾರದಲ್ಲಿ ಮುಗಿದರೆ ‘ಇನ್’ ಅಂಟುತ್ತದೆ, ವ್ಯಂಜನದಲ್ಲಿ ಮುಗಿದರೆ ‘ಒವ್’ ಅಥವಾ ‘ಎವ್’. ಇಲ್ಯಾನ ಮಗ ಇಲ್ಯಿನ್, ಪ್ಯೋತ್ರನ ಮಗ ಪೆತ್ರೊವ್, ಇವಾನನ ಮಗ ಇವಾನೊವ್. ಗುರುತಿಲ್ಲದ ಹುಡುಗ ಬೀದಿಯಲ್ಲಿ ಕಂಡರೆ ರಷ್ಯದ ಹಳ್ಳಿಯ ಅಜ್ಜಿಯರು ‘ನೀ ಯಾರವನು?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನೆಟ್ಟಗಿನ ಉತ್ತರ ‘ಇವಾನೊವ್’, ಇವಾನನವನು. ಹುಡುಗಿಯಾದರೆ ‘ಇವಾನೊವಾ’, ಇವಾನನವಳು. ಮೊದಮೊದಲಿಗೆ ಅದು ಉತ್ತರವಷ್ಟೇ, ಹೆಸರಲ್ಲ.

ಉತ್ತರವಾದ್ದರಿಂದಲೇ ತಲೆಮಾರು ತಲೆಮಾರಿಗೂ ಅದು ಬದಲಾಗುತ್ತಿತ್ತು. ನಿಕಿತಿನ್ ಬೀದರಿನಲ್ಲಿದ್ದಾಗ ಮಾಸ್ಕೋ ಗದ್ದುಗೆಯಲ್ಲಿದ್ದವನು ವಸೀಲಿಯ ಮಗ ಇವಾನ್. ಅವನ ನಂತರ ಅವನ ಮಗ, ಇವಾನನ ಮಗ ವಸೀಲಿ. ಆಮೇಲೆ ಮತ್ತೆ ವಸೀಲಿಯ ಮಗ ಇವಾನ್. ‘ಭಯಂಕರ’ ಎಂಬ ಬಿರುದು ಹೊತ್ತವನು ಈ ಕೊನೆಯವನೇ. 1462ರಿಂದ 1584ರವರೆಗೆ, 122 ವರ್ಷ, ಒಂದು ಸಾಮ್ರಾಜ್ಯದ ಮೇಲೆ ಎರಡೇ ಹೆಸರುಗಳು ಜೋಕಾಲಿ ಆಡಿದವು. ಅಜ್ಜ ಇವಾನ್ ವಸೀಲಿಯೆವಿಚ್, ಮೊಮ್ಮಗನೂ ಇವಾನ್ ವಸೀಲಿಯೆವಿಚ್. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಅರಸರಿಗಾದರೆ ಮೂರನೆಯವನು, ನಾಲ್ಕನೆಯವನು ಎಂದು ಅಂಕಿ ಹಚ್ಚಿ ತಪ್ಪಿಸಿಕೊಳ್ಳಬಹುದು. ಕಂದಾಯದ ಪುಸ್ತಕ ಹಿಡಿದ ಗುಮಾಸ್ತ ಏನು ಮಾಡಬೇಕು? ಅವನಿಗೆ ಒಂದೇ ಕಡೆ ನಿಲ್ಲುವ ಹೆಸರು ಬೇಕು. ಅವನು ಬಂದ ದಿನ ಮನೆಯ ಯಜಮಾನ ಯಾರ ಮಗನೋ, ಆ ಅಪ್ಪನ ಹೆಸರು ಅಲ್ಲೇ ಹೆಪ್ಪುಗಟ್ಟಿತು. ಮೊಮ್ಮಕ್ಕಳು, ಮರಿಮಕ್ಕಳು, ಅವರ ಮಕ್ಕಳು, ಎಲ್ಲರೂ ಅಂದಿನಿಂದ ಇವಾನನ ಮಕ್ಕಳೇ.

ಇಷ್ಟು ಇವಾನರು ಬಂದದ್ದಾದರೂ ಎಲ್ಲಿಂದ? ಹೆಸರಿನ ಬೇರು ಹೀಬ್ರೂ ಭಾಷೆಯ ಯೋಹಾನಾನ್, ‘ದೇವರು ಕರುಣೆ ತೋರಿದ’ ಎಂದು ಅರ್ಥ. ಗ್ರೀಕರ ಬಾಯಲ್ಲಿ ಇಯೊಆನ್ನೆಸ್ ಆಗಿ, ಚರ್ಚಿನೊಡನೆ ಸ್ಲಾವರಲ್ಲಿಗೆ ಬಂದು ಇವಾನ್ ಆಯಿತು, ಸರ್ಬಿಯದಲ್ಲಿ ಯೊವಾನ್ ಆಯಿತು. ಮಗುವಿಗೆ ಹೆಸರಿಡುವಾಗ ಪಾದ್ರಿ ಸಂತರ ಪಂಚಾಂಗ ನೋಡುತ್ತಿದ್ದ. ನಾವು ನಕ್ಷತ್ರ ನೋಡುವ ಹಾಗೆ. ಆ ಪಂಚಾಂಗದಲ್ಲಿ ಸ್ನಾನಿಕ ಯೋಹಾನನೊಬ್ಬನಿಗೇ ವರ್ಷಕ್ಕೆ ಆರು ಹಬ್ಬ. ಗರ್ಭಧಾರಣೆಗೊಂದು, ಜನನಕ್ಕೊಂದು, ಸ್ಮರಣೆಗೊಂದು, ತಲೆ ಕಡಿದದ್ದಕ್ಕೊಂದು. ಕಡಿದ ತಲೆ ಮೊದಲ ಮತ್ತು ಎರಡನೆಯ ಸಲ ಸಿಕ್ಕಿದ್ದಕ್ಕೆ ಸೇರಿಸಿ ಒಂದು, ಮೂರನೆಯ ಸಲ ಸಿಕ್ಕಿದ್ದಕ್ಕೆ ಬೇರೆಯೇ ಒಂದು! ಇದಲ್ಲದೆ ಸುವಾರ್ತೆ ಬರೆದ ಯೋಹಾನ, ದಮಾಸ್ಕಸ್ಸಿನ ಯೋಹಾನ, ‘ಬಂಗಾರದ ಬಾಯಿ’ಯ ಯೋಹಾನ, ಏಣಿಯ ಯೋಹಾನ. ವರ್ಷದ ಯಾವ ಮೂಲೆಯಲ್ಲಿ ಹುಟ್ಟಿದರೂ ಹತ್ತಿರದಲ್ಲೊಬ್ಬ ಯೋಹಾನ ಕಾದು ಕೂತಿರುತ್ತಿದ್ದ.

ಈ ಹೆಸರು ಸ್ಲಾವರಲ್ಲೇ ನಿಲ್ಲಲಿಲ್ಲ. ರುಮೇನಿಯದ ಇಯೊನೆಸ್ಕು, ಅರ್ಮೇನಿಯದ ಹೊವ್ಹಾನ್ನಿಸ್ಯಾನ್, ಡೆನ್ಮಾರ್ಕಿನ ಯೆನ್ಸೆನ್, ಸ್ವೀಡನ್ನಿನ ಯೊಹಾನ್ಸನ್, ವೇಲ್ಸಿನ ಜೋನ್ಸ್ ಮತ್ತು ಇವಾನ್ಸ್, ಇಂಗ್ಲಿಷರ ಜಾನ್ಸನ್, ಎಲ್ಲವೂ ಇವಾನೊವ್‌ನ ದಾಯಾದಿಗಳೇ. ಅಮೆರಿಕದ 2010ರ ಜನಗಣತಿಯಲ್ಲಿ ಜಾನ್ಸನ್ನರು 19,32,812, ಜೋನ್ಸರು 14,25,470. ಎರಡೇ ಅಡ್ಡಹೆಸರು, ಒಂದೇ ಅರ್ಥ, ಕೂಡಿದರೆ 33,58,282 ಜನ. ಇಡೀ ಬಲ್ಗೇರಿಯ ದೇಶದ ಜನಸಂಖ್ಯೆ 2021ರಲ್ಲಿ 65,19,789. ಅಂದರೆ ಒಂದು ಪರದೇಶದಲ್ಲಿ, ಎರಡು ರೂಪಗಳಲ್ಲಿ ಮಾತ್ರ ಎಣಿಸಿದ ಯೋಹಾನನ ಮಕ್ಕಳೇ ಬಲ್ಗೇರಿಯದ ಅರ್ಧಕ್ಕಿಂತ ಹೆಚ್ಚು. ಆ ಬಲ್ಗೇರಿಯದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರು ಯಾವುದು? ಇವಾನೊವ್.

ರಷ್ಯದಲ್ಲಿ ಇವಾನೊವ್‌ಗೆ ಸ್ಮಿರ್ನೊವ್ ಪೈಪೋಟಿ ಕೊಡುತ್ತದೆ. ‘ಸ್ಮಿರ್ನೊಯ್’ ಎಂದರೆ ಸಾಧು, ಗಲಾಟೆ ಮಾಡದವನು. ಜೀತದ ಮನೆಯಲ್ಲಿ ಹುಟ್ಟಿದ ಪ್ಯೋತ್ರ್ ಸ್ಮಿರ್ನೊವ್ ಎಂಬಾತ 1860ರ ದಶಕದಲ್ಲಿ ಮಾಸ್ಕೋದಲ್ಲಿ ವೋಡ್ಕಾ ಭಟ್ಟಿ ತೆರೆದ. ಇವತ್ತು ಜಗತ್ತಿನ ಬಾರುಗಳಲ್ಲೆಲ್ಲ ಸಾಲಾಗಿ ನಿಂತಿರುವ ಸ್ಮಿರ್ನಾಫ್ ಬಾಟಲಿಯ ಮೇಲಿರುವುದು ‘ಸಾಧುವಿನ ಮಗ’ ಎಂಬ ಮಾತು.

ಅಡ್ಡಹೆಸರಿನ ಜೊತೆಗೆ ರಷ್ಯನ್ನರು ಅಪ್ಪನ ಹೆಸರನ್ನು ಬೇರೆಯಾಗಿಯೂ ಇಟ್ಟುಕೊಳ್ಳುತ್ತಾರೆ, ‘ವಿಚ್’ ಹಚ್ಚಿ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯೊಂದಿಗೆ ಬಾಳಿದ ಚಿತ್ರಕಾರ ರೋರಿಕ್ ನಮಗೆ ಸ್ವೆತೊಸ್ಲಾವ್ ರೋರಿಕ್. ಮಾಸ್ಕೋದವರ ಮರ್ಯಾದೆಯ ಮಾತಿನಲ್ಲಿ ಅವರು ಸ್ವ್ಯತಸ್ಲಾವ್ ನಿಕೊಲಾಯೆವಿಚ್, ಅಂದರೆ ನಿಕೊಲಾಯ್ ರೋರಿಕರ ಮಗ. ಈಗ 14 ಕೋಟಿಗೂ ಹೆಚ್ಚು ಜನರ ಆ ದೇಶದಲ್ಲಿ ಬಹುಪಾಲು ಎಲ್ಲರಿಗೂ ಈ ‘ವಿಚ್’, ಹೆಂಗಸರಿಗಾದರೆ ‘ವ್ನಾ’, ಹುಟ್ಟುತ್ತಲೇ ಪುಕ್ಕಟೆ ಸಿಗುತ್ತದೆ. ಒಂದಾನೊಂದು ಕಾಲಕ್ಕೆ ರಷ್ಯನ್ ಬರಹದ ಈ ಮೂರು ಅಕ್ಷರಕ್ಕೆ ರಾಜಾಜ್ಞೆಯೇ ಬೇಕಿತ್ತು. ಉರಾಲ್ ಸೀಮೆಯ ಉಪ್ಪಿನ ಸಾಹುಕಾರರಾದ ಸ್ತ್ರೊಗನೊವ್ ಮನೆಯವರು ದಿವಾಳಿಯಂಚಿನ ರಾಜರಿಗೆ ಹಣ ಸುರಿದು ಸುರಿದು, 1610ರಲ್ಲಿ ಚಕ್ರವರ್ತಿ ವಸೀಲಿ ಶೂಯ್‌ಸ್ಕಿಯಿಂದ ಪಡೆದ ಗೌರವಗಳಲ್ಲೊಂದು ತಮ್ಮ ಅಪ್ಪಂದಿರ ಹೆಸರಿಗೆ ‘ವಿಚ್’ ಹಚ್ಚಿ ಬರೆಸಿಕೊಳ್ಳುವ ಹಕ್ಕು! 1722ರಲ್ಲಿ ದೊಡ್ಡ ಪೀಟರ್ ಸರಕಾರಿ ನೌಕರರನ್ನು 14 ದರ್ಜೆಗಳಾಗಿ ವಿಂಗಡಿಸಿದ. ಮುಂದೆ ರಾಣಿ ಕ್ಯಾಥರೀನಳ ಕಾಲಕ್ಕೆ ಮೊದಲ ಐದು ದರ್ಜೆಯವರಿಗೆ ಪೂರ್ತಿ ‘ಇವಾನೊವಿಚ್’, ಆರರಿಂದ ಎಂಟನೆಯ ದರ್ಜೆಯವರಿಗೆ ಬೋಳು ‘ಇವಾನೊವ್’, ಉಳಿದ ಆರು ದರ್ಜೆಯವರಿಗೆ ಕಾಗದದ ಮೇಲೆ ಅಪ್ಪನೇ ಇಲ್ಲ. ಫೈಲು ತಳ್ಳುವ ಕೊನೆಯ ಗುಮಾಸ್ತನಿಗೂ ಮನೆಯಲ್ಲಿ ಅಪ್ಪನಿದ್ದ, ಕಚೇರಿಯಲ್ಲಿ ಇರಲಿಲ್ಲ.

ಗುಮಾಸ್ತನಿಗಿಂತ ಕೆಳಗಿದ್ದವರ ಕಥೆಗೆ ಬಂದರೆ ಅಂಕಿಗಳು ತಲೆ ತಿರುಗಿಸುತ್ತವೆ. 1861ರಲ್ಲಿ ರಷ್ಯದ ಚಕ್ರವರ್ತಿ ಜಮೀನ್ದಾರರ ಜೀತದಿಂದ ಬಿಡಿಸಿದ ರೈತಾಪಿ ಜನ ಸುಮಾರು 2 ಕೋಟಿ 30 ಲಕ್ಷ. ಇವರಲ್ಲಿ ಅನೇಕರಿಗೆ ಕಾಗದದ ಮೇಲೆ ನಿಲ್ಲುವ ಅಡ್ಡಹೆಸರಿರಲಿಲ್ಲ. ಹಳ್ಳಿಯೊಳಗೆ ಅದರ ಅಗತ್ಯವೂ ಇರಲಿಲ್ಲ. ನಾನೊಂದು ಒರಟು ಲೆಕ್ಕ ಹಾಕಿ ನೋಡಿದೆ. ಮನೆಗೆ ಆರು ಜನ ಎಂದು ಹಿಡಿದರೆ ಸುಮಾರು 38 ಲಕ್ಷ ಮನೆ. ಇಷ್ಟನ್ನೂ ಒಬ್ಬನೇ ಗುಮಾಸ್ತ ಬರೆದುಕೊಳ್ಳಬೇಕಾಗಿದ್ದರೆ, ದಿನಕ್ಕೆ ಐವತ್ತು ಮನೆಯಂತೆ, ಒಂದು ಭಾನುವಾರವೂ ರಜೆ ಹಾಕದೆ, 208 ವರ್ಷ ಬೇಕು. ಅವನು ಅಂದು ಶುರುಮಾಡಿದ್ದರೆ ಮುಗಿಸುವುದು 2069ರಲ್ಲಿ. ಇಷ್ಟು ದೊಡ್ಡ ರಾಶಿಯ ಮುಂದೆ ಕೂತ ಗುಮಾಸ್ತರ ಪಡೆ ಸುಲಭದ ದಾರಿ ಹಿಡಿದದ್ದರಲ್ಲಿ ಆಶ್ಚರ್ಯವೇನು? ಅಪ್ಪನ ಹೆಸರೇನು, ಇವಾನ್, ಬರಿ ಇವಾನೊವ್, ಮುಂದಿನವನು ಬಾ. ಕೆಲವು ಕಡೆ ಜಮೀನ್ದಾರನ ಹೆಸರನ್ನೇ ಊರಿಗೆಲ್ಲ ಹಂಚಿದರು. 1888ರಲ್ಲಿ ಸೆನೆಟ್ ಆಜ್ಞೆಯೊಂದು ಹೊರಟು, ಅಡ್ಡಹೆಸರು ಇಟ್ಟುಕೊಳ್ಳುವುದು ಹಕ್ಕಷ್ಟೇ ಅಲ್ಲ, ಕರ್ತವ್ಯ ಎಂದಿತು. ಒಂಬತ್ತು ವರ್ಷದ ನಂತರ, 1897ರಲ್ಲಿ, ಸಾಮ್ರಾಜ್ಯದ ತಲೆ ಎಣಿಸಿದಾಗ ಸಿಕ್ಕವರು ಹನ್ನೆರಡೂವರೆ ಕೋಟಿ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1865ರಲ್ಲಿ, ಅಮೆರಿಕದ ಗುಲಾಮಗಿರಿ ಮುಗಿದು ಸುಮಾರು 40 ಲಕ್ಷ ಕರಿಯರು ಬಿಡುಗಡೆಯಾದರು. ಅವರೂ ಇಂಥದ್ದೇ ಮೇಜಿನ ಮುಂದೆ ನಿಂತು ಹೆಸರು ಹೇಳಬೇಕಾಯಿತು. ಮೇಲೆ ಎಣಿಸಿದ ಜಾನ್ಸನ್, ಜೋನ್ಸರಲ್ಲಿ ಸುಮಾರು ಮೂರರಲ್ಲೊಂದು ಪಾಲು ಅವರ ಸಂತತಿ. ಆ ‘ಜಾನ್’ ಅವರ ಅಪ್ಪನಾಗಿದ್ದನೇ, ಅಜ್ಜನಾಗಿದ್ದನೇ? ಬಹಳಷ್ಟು ಸಲ ಎರಡೂ ಅಲ್ಲ.

ತೆಂಕಣ ಸ್ಲಾವರ ಕಡೆ ಹೋದರೆ ಪ್ರತ್ಯಯದ ಮೇಲೆ ಪ್ರತ್ಯಯ. ಸರ್ಬಿಯದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರು ಯೊವಾನೊವಿಚ್. ಬಿಡಿಸಿ ನೋಡಿ: ಯೊವಾನ್, ಅದಕ್ಕೆ ‘ನ’ ಎಂಬರ್ಥದ ಒವ್, ಅದಕ್ಕೆ ‘ಚಿಕ್ಕದು’ ಎಂಬರ್ಥದ ಇಚ್. ಒಟ್ಟಿಗೆ ‘ಯೊವಾನನ ಮರಿ’. ಟೆನಿಸ್ಸಿನ ಜೊಕೊವಿಚ್ ‘ಜೊಕೊನ ಮರಿ’. ಜೊಕೊ ಎಂಬುದು ಜಾರ್ಜ್ ಹೆಸರಿನ ಮುದ್ದಿನ ರೂಪ, ಮತ್ತು ಜಾರ್ಜ್ ಎಂದರೆ ಗ್ರೀಕಿನಲ್ಲಿ ಮಣ್ಣಿನ ಕೆಲಸದವನು, ರೈತ. 24 ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ರೈತನ ಮರಿ.

ಈ ಮರಿಗಳನ್ನೆಲ್ಲ ಒಟ್ಟಿಗೆ ನೋಡಬೇಕೆಂದರೆ 2018ರ ಜುಲೈ 15ರ ಮಾಸ್ಕೋಗೆ ಹೋಗಬೇಕು. ಲುಜ್ನಿಕಿ ಮೈದಾನ, ವಿಶ್ವಕಪ್ ಫುಟ್ಬಾಲ್ ಫೈನಲ್. ಬರೀ 40 ಲಕ್ಷ ಚಿಲ್ಲರೆ ಜನರ ಕ್ರೊಯೇಷಿಯ ಫ್ರಾನ್ಸಿನ ಎದುರು ನಿಂತಿದೆ. ಅಂಗಿಗಳ ಬೆನ್ನು ಓದುತ್ತ ಹೋಗಿ: ಸುಬಾಶಿಚ್, ಸ್ತ್ರಿನಿಚ್, ರಾಕಿತಿಚ್, ಬ್ರೊಜೊವಿಚ್, ರೆಬಿಚ್, ಮೊದ್ರಿಚ್, ಪೆರಿಶಿಚ್, ಮಾಂಜುಕಿಚ್. ಹನ್ನೊಂದರಲ್ಲಿ ಎಂಟು. ತಪ್ಪಿಸಿಕೊಂಡವರು ವ್ರ್‌ಸಾಲ್ಕೊ, ಲೊವ್ರೆನ್, ವಿದಾ ಮೂವರೇ. ಪಕ್ಕದಲ್ಲಿ ನಿಂತ ಕೋಚ್ ದಾಲಿಚ್. ಹದಿನೆಂಟನೆಯ ನಿಮಿಷಕ್ಕೆ ಒಬ್ಬ ‘ಇಚ್’ ತನ್ನದೇ ಗೋಲಿಗೆ ಚೆಂಡು ತಲೆಯಿಂದ ತಳ್ಳಿದ, ಇಪ್ಪತ್ತೆಂಟನೆಯ ನಿಮಿಷಕ್ಕೆ ಇನ್ನೊಬ್ಬ ‘ಇಚ್’ ಸಮ ಮಾಡಿದ. ಕೊನೆಗೆ 4–2ರಲ್ಲಿ ಸೋತರು. ಪಂದ್ಯದ ವಿವರಣೆಕಾರರು ಎಷ್ಟು ನೀರು ಕುಡಿದರೋ! ಎಂಟು ಇಚ್‌ಗಳೂ ಒಂದೇ ಜಾತಿಯವಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ಪೆರಿಶ ಎಂಬುದು ಪೀಟರನ ಮುದ್ದಿನ ಹೆಸರು. ಬ್ರೊಜ್ ಎಂದರೆ ಸಂತ ಆಂಬ್ರೋಸ್, ಯುಗೊಸ್ಲಾವಿಯವನ್ನಾಳಿದ ಟಿಟೊನ ಅಡ್ಡಹೆಸರೂ ಇದೇ ಬ್ರೊಜ್. ಗೋಲ್‌ಕೀಪರ್ ಸುಬಾಶಿಚ್‌ನ ಹೆಸರಿನ ಮೂಲದಲ್ಲಿರುವುದು ಸುಬಾಶಿ, ತುರ್ಕಿ ಸುಲ್ತಾನರ ಕಾಲದ ಫೌಜುದಾರ. ಬೋಸ್ನಿಯದ ಮೊದಲ ಅಧ್ಯಕ್ಷ ಇಜೆತ್‌ಬೆಗೊವಿಚ್ ಹೆಸರಿನಲ್ಲಂತೂ ಅರಬ್ಬಿಯ ಇಜೆತ್, ತುರ್ಕಿಯ ಬೇಗ್, ಸ್ಲಾವರ ಒವಿಚ್ ಮೂರೂ ಒಂದೇ ಚಾಪೆಯ ಮೇಲೆ ಕೂತಿವೆ.

ಎಲ್ಲ ಅಪ್ಪಂದಿರ ಹೆಸರೂ ಸಂತರ ಪಂಚಾಂಗದಿಂದ ಬಂದದ್ದಲ್ಲ. ಸರ್ಬಿಯನ್ ಭಾಷೆಗೆ ಹೊಸ ಲಿಪಿ ಕಟ್ಟಿಕೊಟ್ಟ ವೂಕ್ ಕರಾಜಿಚ್ 1787ರಲ್ಲಿ ಹುಟ್ಟಿದಾಗ ಅವನಿಗಿಂತ ಮೊದಲಿನ ಕೂಸುಗಳೆಲ್ಲ ಸತ್ತಿದ್ದವು. ಮಾಟಗಾತಿಯರು ಹತ್ತಿರ ಬರದಿರಲೆಂದು ಅವನಿಗೆ ವೂಕ್, ಅಂದರೆ ತೋಳ, ಎಂದು ಹೆಸರಿಟ್ಟರು. ರಷ್ಯದಲ್ಲಿ ಇದೇ ಭಯಕ್ಕೆ ಇಟ್ಟ ಹೆಸರು ನೆಕ್ರಾಸ್, ಕುರೂಪಿ. ಅದರಿಂದ ಬಂದದ್ದು ಕವಿ ನೆಕ್ರಾಸೊವ್‌ನ ಅಡ್ಡಹೆಸರು. ನಮ್ಮಲ್ಲಿ ಕೂಸು ಉಳಿಯದ ಮನೆಯಲ್ಲಿ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ವೂಕ್‌ನ ಅಪ್ಪ ಯೊಕ್ಸಿಮ್‌ನ ಮಗ ಸ್ತೆಫಾನ್, ಹಾಗಾಗಿ ಅವನು ಯೊಕ್ಸಿಮೊವಿಚ್. ವೂಕ್ ಸ್ತೆಫಾನನ ಮಗ, ಹಾಗಾಗಿ ಸ್ತೆಫಾನೊವಿಚ್. ಒಂದೇ ಸೂರಿನಡಿ ಅಪ್ಪನಿಗೊಂದು, ಮಗನಿಗೊಂದು.

ಈ ಸಣ್ಣ ಪ್ರತ್ಯಯ ಹೊಡೆಯಲೂ ಬಲ್ಲದು. 1984ರ ಡಿಸೆಂಬರಿನಲ್ಲಿ ಬಲ್ಗೇರಿಯದ ಸರಕಾರ ತನ್ನ ನೆಲದ ತುರ್ಕಿ ಜನರೆಲ್ಲರ ಹೆಸರನ್ನು ಸ್ಲಾವ್ ಹೆಸರಾಗಿ ಬದಲಿಸಲು ಹೊರಟಿತು. ಸೈನಿಕರು ಹಳ್ಳಿ ಸುತ್ತುವರಿಯುವುದು, ಜನ ಸಾಲಾಗಿ ನಿಂತು ಪಟ್ಟಿಯಿಂದ ಹೊಸ ಹೆಸರು ಆರಿಸಿ ಸಹಿ ಹಾಕುವುದು. ಕೆಲವೇ ವಾರಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರ ಹೆಸರು ಬದಲಾಯಿತು. ದಫ್ತರಿನಲ್ಲಿ ಸತ್ತವರ ಹೆಸರನ್ನೂ ಬಿಡಲಿಲ್ಲ. ಹೆಸರು ಅಪ್ಪನದಲ್ಲವೇ, ಮಗನದನ್ನು ತಿದ್ದಿದರೆ ಸತ್ತ ಅಪ್ಪನದನ್ನೂ ತಿದ್ದಲೇಬೇಕು, ಇಲ್ಲವಾದರೆ ಕೊಂಡಿ ಕೂಡುವುದಿಲ್ಲ.

ಅವರಲ್ಲೊಬ್ಬ ಹದಿನೆಂಟರ ಹುಡುಗ, ನಾಲ್ಕೂಮುಕ್ಕಾಲು ಅಡಿ ಎತ್ತರದ ಭಾರ ಎತ್ತುವ ಪಟು, ನಯೀಮ್ ಸುಲೈಮಾನೊವ್. ಹುಟ್ಟಿದಾಗಲೇ ಸುಲೈಮಾನನ ಬಾಲಕ್ಕೆ ಸ್ಲಾವರ ‘ಒವ್’ ಅಂಟಿತ್ತು. 1985ರಲ್ಲಿ ಅದೂ ಸಾಲದೆಂದು ಅವನನ್ನು ನೌಮ್ ಶಲಮಾನೊವ್ ಮಾಡಿದರು. 1986ರ ಕೊನೆಯಲ್ಲಿ ಮೆಲ್ಬರ್ನಿಗೆ ಪಂದ್ಯಕ್ಕೆ ಹೋದವನು ತಂಡದಿಂದ ಜಾರಿಕೊಂಡು ತುರ್ಕಿ ಸೇರಿದ. ಅಲ್ಲಿ ಇಟ್ಟುಕೊಂಡ ಹೆಸರು ಸುಲೈಮಾನೊಗ್ಲು. ತುರ್ಕಿಯಲ್ಲಿ ‘ಒಗ್ಲು’ ಎಂದರೂ ಮಗನೇ! 1988ರ ಸೋಲ್ ಒಲಿಂಪಿಕ್ಸಿನಲ್ಲಿ 60 ಕಿಲೋ ವರ್ಗದಲ್ಲಿ ಅವನು ಒಂದು ಎತ್ತಿಗೆ 152.5 ಕಿಲೋ, ಇನ್ನೊಂದಕ್ಕೆ 190 ಕಿಲೋ ತಲೆಯ ಮೇಲೆ ಹಿಡಿದು ನಿಂತ. ಎರಡನೆಯದು ತನ್ನ ಮೈತೂಕದ ಮೂರು ಪಟ್ಟಿಗೂ ಹೆಚ್ಚು. 1989ರಲ್ಲಿ ಅವನ ಹಾದಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿ ಗಡಿ ದಾಟಿದರು. ಒಂದು ಪ್ರತ್ಯಯ ತೆಗೆದು ಇನ್ನೊಂದು ಹಚ್ಚುವ ಜಗಳ ಒಂದು ದೇಶವನ್ನೇ ಬರಿದು ಮಾಡುವಷ್ಟು ದೊಡ್ಡದಾಗುತ್ತದೆಂದು ವ್ಯಾಕರಣ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.

ಇಷ್ಟೆಲ್ಲ ಹೊತ್ತುಕೊಂಡು ತಿರುಗುವ ಆ ಅಪ್ಪ ನಿಜವಾಗಿ ನಮಗೆ ಎಷ್ಟು ಅಪ್ಪ? ತಲೆಮಾರಿಗೆ 25 ವರ್ಷ ಹಿಡಿಯಿರಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರ ವಂಶವೃಕ್ಷದಲ್ಲೂ ಆ ಒಂದು ಸಾಲಿನಲ್ಲೇ 1,024 ಮಂದಿಗೆ ಜಾಗವಿದೆ. ನಿಕಿತಿನ್ ಬೀದರಿಗೆ ಬಂದ ಕಾಲಕ್ಕೆ ಹೋಗಲು 22 ತಲೆಮಾರು ಬೇಕು. ಆ ಸಾಲಿನಲ್ಲಿ 41,94,304 ಜಾಗ. ಇವತ್ತಿನ ಇಡೀ ಕ್ರೊಯೇಷಿಯದ ಜನರನ್ನು ತಂದು ಕೂರಿಸಿದರೂ ಮೂರು ಲಕ್ಷ ಕುರ್ಚಿ ಖಾಲಿ ಉಳಿಯುತ್ತವೆ. ಒಬ್ಬನೇ ಹಿರಿಯ ಹತ್ತಾರು ದಾರಿಯಿಂದ ಬಂದು ಹತ್ತಾರು ಕುರ್ಚಿಯಲ್ಲಿ ಕೂತಿರುತ್ತಾನೆ, ನಿಜ. ಆದರೂ ಅಡ್ಡಹೆಸರು ಅಷ್ಟು ಕುರ್ಚಿಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ಕೂತ ಇವಾನನ ಮುಖ ಯಾರೂ ಕಂಡಿಲ್ಲ. ಇಬ್ಬರು ಇವಾನೊವ್‌ಗಳು ರೈಲಿನಲ್ಲಿ ಎದುರಾದರೆ ಸಂಬಂಧ ಹುಡುಕಿ ಪ್ರಯೋಜನವಿಲ್ಲ. ಸಾವಿರಾರು ಹಳ್ಳಿಗಳಲ್ಲಿ ಸಾವಿರಾರು ಬೇರೆ ಬೇರೆ ಇವಾನರಿದ್ದರು. ಆ ಹೆಸರಿನಲ್ಲಿ ರಕ್ತಕ್ಕಿಂತ ಪಂಚಾಂಗ ಹೆಚ್ಚಿದೆ, ಗುಮಾಸ್ತನ ಅವಸರವೂ ಇದೆ.

ಇದನ್ನೆಲ್ಲ ಓದಿಕೊಂಡ ಹುರುಪಿನಲ್ಲಿ, ಹಿಂದೆ ಹುಬ್ಬಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರಿಗೆ ಫೋನು ಹಚ್ಚಿದೆ. ಅವರ ಅಡ್ಡಹೆಸರು ಬಸಪ್ಪನವರ. ಧಾರವಾಡ, ಗದಗ, ಹಾವೇರಿ ಕಡೆ ಇಂಥ ‘ನವರ’ಗಳು ಊರೂರಿಗೂ ಇದ್ದಾರೆ: ಕಲ್ಲಪ್ಪನವರ, ಹನುಮಪ್ಪನವರ, ಭೀಮಪ್ಪನವರ. ಇಷ್ಟು ವರ್ಷ ಕರೆದರೂ ಅದೊಂದು ಷಷ್ಠೀ ವಿಭಕ್ತಿ ಎಂದು ನನಗೆ ಹೊಳೆದಿರಲೇ ಇಲ್ಲ.

“ಅಲ್ರೀ, ನಿಮ್ಮ ಹೆಸರಿನ ಬಸಪ್ಪ ಯಾರು?”

“ಯಾರಿಗ್ಗೊತ್ರೀ ಸರ. ನಮ್ಮಪ್ಪ ಅಲ್ಲ, ಅಜ್ಜ ಅಲ್ಲ, ಅಜ್ಜನ ಅಜ್ಜನೂ ಅಲ್ಲ. ಯಾವನೋ ಒಬ್ಬಾಂವ ಬಸಪ್ಪ ಇದ್ದಾ.”

“ಹೋಗ್ಲಿ, ಬಸಪ್ಪನವರ ಏನು? ಮುಂದೊಂದು ಮಾತು ಇರಬೇಕಲ್ಲ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು ಕೇಳಿಸಿತು.

“ಮನಿ ಅಂತ ಇದ್ದೀತ್ರೀ. ಬಿದ್ ಹೋಗೇದ.”